ಹೃದಯದರ್ಶಕನ ಧರ್ಮ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ, ಇವೇ ಆ ನಾಲ್ಕು. ಇವು ನಾಲ್ಕೂ ಗುಣಸಂಪನ್ನವಾಗಿದ್ದರೆ ರೋಗವು ಶಮನವಾಗುವುದೆಂದು ಆ ವಿಭಾಗದ ತಾತ್ಪರ್ಯ. ಪ್ರಾಚೀನರ ಈ ಲೆಕ್ಕಕ್ಕೆ ಇಂದಿನ ಆಸ್ಪತ್ರೆಯಲ್ಲಿ ಒಬ್ಬನು ಸುಲಭವಾಗಿ ಒಳಪಡುವುದಿಲ್ಲ. ಅವನು ಔಷಧವನ್ನು ಕೊಡುವುದಿಲ್ಲ; ಶಸ್ತ್ರವನ್ನು ಹಿಡಿಯುವುದಿಲ್ಲ; ಹಾಸಿಗೆಯ ಬಳಿ ಕುಳಿತು ಶುಶ್ರೂಷೆ ಮಾಡುವುದೂ ಇಲ್ಲ. ಬೆಳಕು ತಗ್ಗಿಸಿದ ಕೋಣೆಯಲ್ಲಿ ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣನೆಯ ಲೇಪವನ್ನು ಹಚ್ಚಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದೊಂದು ಸಾಧನವನ್ನು ಪಕ್ಕೆಲುಬುಗಳ ಸಂದಿನಲ್ಲಿ ಒತ್ತಿ, ಎದುರಿನ ಪರದೆಯನ್ನು ನೋಡುತ್ತಾನೆ. ನೋಡಿದುದನ್ನು ಬರೆದುಕೊಟ್ಟನೆಂದರೆ ಅವನ ಕೆಲಸ ಮುಗಿಯಿತೆಂದು ಲೋಕದ ತಿಳಿವಳಿಕೆ. ಜನರು ಇದನ್ನು ಎಕೋ ಪರೀಕ್ಷೆಯೆನ್ನುತ್ತಾರೆ. ಎಕೋ, ಆಂಜಿಯೋಗ್ರಾಂ, ಸಿ.ಟಿ., ಎಂ.ಆರ್.ಐ. ಮುಂತಾದ ಉಪಾಯಗಳಿಂದ ಹೃದಯದ ಬಿಂಬವನ್ನು ತೆಗೆದು ಅದನ್ನು ಓದುವುದೇ ವೃತ್ತಿಯಾಗಿರುವ ಈ ತಜ್ಞನಿಗೆ, ಬೇರೊಂದು ಹೆಸರಿಲ್ಲದಿರುವುದರಿಂದ, ಬಿಂಬವೈದ್ಯನೆಂಬ ಹೆಸರು ಸಲ್ಲಬಹುದು.

ಈತನು ನಾಲ್ಕು ಪಾದಗಳಲ್ಲಿ ಎಲ್ಲಿ ಸೇರತಕ್ಕವನು? ವೈದ್ಯನೇ? ಪರಿಚಾರಕನೇ? ಅಥವಾ ಔಷಧದಂತೆ ಒಂದು ಸಾಧನಮಾತ್ರನೇ? ಇದು ಹೆಸರಿನ ಜಗಳವಲ್ಲ. ಕಂಡವನ ಹೊಣೆ ಎಲ್ಲಿಯವರೆಗೆ ಹೋಗುತ್ತದೆ, ಕಂಡುದನ್ನು ಬರೆದ ಕೂಡಲೆ ಅದು ತೀರುವುದೋ ಇಲ್ಲವೋ, ಎಂಬ ಧರ್ಮಪ್ರಶ್ನೆ ಇದರೊಳಗೆ ಅಡಗಿದೆ.

ತೀರುವುದೆನ್ನುವವರ ಪಕ್ಷವು ದುರ್ಬಲವಾದುದಲ್ಲ. ಅದನ್ನು ಮೊದಲು ಮನ್ನಿಸಿ ಕೇಳಬೇಕು. ನೋಡುವವನು ಬೇರೆ, ಮಾಡುವವನು ಬೇರೆ ಆಗಿರುವುದರಲ್ಲಿಯೇ ರೋಗಿಯ ಕ್ಷೇಮವಿದೆಯೆಂದು ಅವರ ವಾದ. ಶಸ್ತ್ರಕ್ಕೆ ಉತ್ಸುಕನಾದವನ ಕಣ್ಣಿಗೆ ಶಸ್ತ್ರಕ್ಕೆ ತಕ್ಕ ರೋಗವೇ ಕಾಣುತ್ತದೆ. ರೋಗಿಯ ಮೇಲೆ ಮರುಕಗೊಂಡವನ ಕಣ್ಣಿಗೆ ರೋಗವು ಚಿಕ್ಕದಾಗಿ ತೋರುತ್ತದೆ. ಆದುದರಿಂದ ಬಿಂಬವೈದ್ಯನು ಸಾಂಖ್ಯರ ಪುರುಷನಂತೆ ಕೇವಲ ದ್ರಷ್ಟಾರನಾಗಿದ್ದು, ವ್ಯಾಪಾರಕ್ಕೆ ಕೈಹಾಕದಿರುವುದೇ ಲೇಸು. ಅದಲ್ಲದೆ ಅವನೂ ರೋಗಿಯೊಡನೆ ಮಾತಿಗೆ ತೊಡಗಿದನೆಂದರೆ ಒಂದು ರೋಗಕ್ಕೆ ಎರಡು ಬಾಯಿಗಳಾಗುವುವು. ಇಬ್ಬರು ವೈದ್ಯರ ಎರಡು ಮಾತನ್ನು ಕೇಳಿದವನಿಗೆ ಮೂರನೆಯದೊಂದು ರೋಗ ಹತ್ತುವುದನ್ನು ಯಾರು ತಾನೆ ಕಂಡಿಲ್ಲ? ಹೀಗೆ ಈ ಪಕ್ಷ.

ಇದಕ್ಕೆ ಸಮಾಧಾನ ಹೇಳುವ ಮೊದಲು, ಬಿಂಬವೈದ್ಯನು ನಿಜವಾಗಿ ನೋಡುತ್ತಾನೆಯೇ ಎಂಬುದನ್ನು ವಿಚಾರಿಸಬೇಕು. ಪರದೆಯ ಮೇಲೆ ಹೃದಯವು ಮಿಡಿಯುತ್ತಿರುವಾಗ ಇಂಥ ಸಂದೇಹ ವಿಚಿತ್ರವೆನಿಸಬಹುದು. ಆದರೆ ಆ ಕೋಣೆಯಲ್ಲಿ ಹೃದಯವನ್ನು ಕಂಡವರು ಯಾರೂ ಇಲ್ಲ. ಸೆಕೆಂಡಿಗೆ ೨೦ ಲಕ್ಷಕ್ಕೂ ಹೆಚ್ಚು ಕಂಪನಗಳುಳ್ಳ, ಮನುಷ್ಯನ ಕಿವಿಗೆ ನಿಲುಕದ ಶಬ್ದವೊಂದು ಆ ಸಾಧನದಿಂದ ಹೊರಟು, ಮಾಂಸವನ್ನು ಹಾಯ್ದು, ಹೃದಯದ ಭಿತ್ತಿಗೂ ಕವಾಟಗಳಿಗೂ ತಾಗಿ ಮಾರ್ದನಿಯಾಗಿ ಹಿಂತಿರುಗುತ್ತದೆ. ದೇಹದ ಮೃದುಭಾಗಗಳಲ್ಲಿ ಶಬ್ದದ ವೇಗವು ಸೆಕೆಂಡಿಗೆ ೧೫೪೦ ಮೀಟರೆಂದು ಯಂತ್ರವು ಮೊದಲೇ ಭಾವಿಸಿಕೊಂಡಿರುತ್ತದೆ. ಶಬ್ದವು ಹೋಗಿ ಬರಲು ಹಿಡಿದ ಕಾಲದಿಂದ ದೂರವನ್ನು ಗುಣಿಸಿ, ಆ ದೂರದಲ್ಲಿ ಒಂದು ಚುಕ್ಕೆಯನ್ನಿಡುತ್ತದೆ. ಅಂಥ ಚುಕ್ಕೆಗಳ ಸಮೂಹವೇ ಬಿಂಬ. ರೋಗವನ್ನು ತಿಳಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರು ದಾರಿಗಳನ್ನು ಚರಕನು ಹೇಳಿದ್ದಾನಷ್ಟೆ. ಬಿಂಬವು ಅವುಗಳಲ್ಲಿ ಪ್ರತ್ಯಕ್ಷದ ವೇಷವನ್ನು ಧರಿಸಿ ಬಂದ ಅನುಮಾನ. ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನಿಗೆ ತಾನು ಊಹಿಸುತ್ತಿದ್ದೇನೆಂಬ ಎಚ್ಚರವಾದರೂ ಇರುತ್ತದೆ. ಬಿಂಬದ ಮುಂದೆ ಕುಳಿತವನಿಗೆ ಆ ಎಚ್ಚರವೂ ತಪ್ಪಿಹೋಗುವ ಸಂಭವವುಂಟು.

ಈ ವಿದ್ಯೆಯ ಹುಟ್ಟಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಸ್ವೀಡನ್ ದೇಶದ ಲುಂಡ್ ನಗರದ ಆಸ್ಪತ್ರೆಯಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರಿದ್ದರು. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದ ಶೇಷವಾಗಿ ಹೃದಯದ ಎಡಭಾಗದ ಮೈಟ್ರಲ್ ಕವಾಟವು ಕೆಡುವ ರೋಗ ಆ ಕಾಲಕ್ಕೆ ಯೂರೋಪಿನಲ್ಲಿಯೂ ಬಹಳವಾಗಿತ್ತು. ಭಾರತದಲ್ಲಿ ಅದು ಇಂದಿಗೂ ಅಳಿದಿಲ್ಲ. ಕವಾಟದ ಬಾಯಿ ಕಿರಿದಾಗುವುದು ಅದರಲ್ಲಿ ಒಂದು ಬಗೆ. ಬಾಯಿ ಮುಚ್ಚಿಕೊಳ್ಳದೆ ಸೋರುವುದು ಇನ್ನೊಂದು ಬಗೆ. ಕಿರಿದಾದ ಬಾಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗ ತಾನೆ ಬಳಕೆಗೆ ಬಂದಿತ್ತು. ಸೋರುವ ಕವಾಟಕ್ಕೆ ಅದೇ ಶಸ್ತ್ರ ತಾಗಿದರೆ ಹಾನಿ. ಎದೆಯನ್ನು ತೆರೆಯುವುದಕ್ಕೆ ಮುಂಚೆ ಇವೆರಡನ್ನೂ ಬೇರ್ಪಡಿಸುವುದು ಹೇಗೆಂಬ ಚಿಂತೆ ಎಡ್ಲರರನ್ನು ಕಾಡುತ್ತಿತ್ತು. ಕಾರ್ಲ್ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಅವರ ನೆರವಿಗೆ ಬಂದರು. ಹಡಗು ಕಟ್ಟುವ ಕಾರ್ಖಾನೆಯೊಂದು ಸಮೀಪದ ಮಾಲ್ಮೊ ನಗರದಲ್ಲಿತ್ತು. ಲೋಹದೊಳಗಿನ ಬಿರುಕನ್ನು ಶಬ್ದದಿಂದ ಪತ್ತೆಹಚ್ಚುವ ಯಂತ್ರ ಅಲ್ಲಿತ್ತು. ಹಡಗಿನ ತಗಡಿನ ಬಿರುಕನ್ನು ತೋರುವುದು ಮನುಷ್ಯನ ಎದೆಯೊಳಗನ್ನು ಏಕೆ ತೋರಬಾರದು ಎಂದು ಇಬ್ಬರೂ ಯತ್ನಿಸಿದರು. ೧೯೫೩ನೆಯ ಅಕ್ಟೋಬರ್ ೨೯ರಂದು ಮಿಡಿಯುವ ಹೃದಯದ ಮಾರ್ದನಿ ಮೊದಲ ಬಾರಿಗೆ ಗೆರೆಯಾಗಿ ದಾಖಲೆಯಾಯಿತು.

ಆ ಗೆರೆಗಳಲ್ಲಿ ಒಂದು ಬಹಳ ಚುರುಕಾಗಿ ಏರಿಳಿಯುತ್ತಿತ್ತು. ಕವಾಟ ಕಿರಿದಾದವರಲ್ಲಿ ಅದರ ಇಳಿತ ನಿಧಾನವಾಗಿರುವುದೂ ಕಂಡುಬಂದಿತು. ಎಡ ಹೃತ್ಕರ್ಣದ ಗೋಡೆಯೇ ಈ ಗೆರೆಯೆಂದು ಎಡ್ಲರರು ಮೊದಲು ತಿಳಿದರು. ರೋಗನಿರ್ಣಯಕ್ಕೆ ಆ ಗೆರೆ ಉಪಯೋಗವಾಗುತ್ತಲೂ ಇತ್ತು. ಫಲ ದೊರೆತ ಮೇಲೆ ಮೂಲವನ್ನು ಶೋಧಿಸುವವರು ಲೋಕದಲ್ಲಿ ವಿರಳ. ಎಡ್ಲರರು ಅಲ್ಲಿಗೆ ನಿಲ್ಲಲಿಲ್ಲ. ಮರಣಾಸನ್ನರಾದ ರೋಗಿಗಳ ಎದೆಯ ಮೇಲೆ ಶಬ್ದವನ್ನು ಬಿಟ್ಟ ಸ್ಥಳವನ್ನೂ ದಿಕ್ಕನ್ನೂ ಗುರುತು ಮಾಡಿಟ್ಟುಕೊಂಡು, ಅವರು ತೀರಿಕೊಂಡ ಮೇಲೆ ಮಂಜುಗಡ್ಡೆಯನ್ನು ಒಡೆಯುವ ದಬ್ಬಳದಂಥ ಸಲಾಕೆಯನ್ನು ಅದೇ ದಿಕ್ಕಿನಲ್ಲಿ ತೂರಿಸಿ, ದೇಹವನ್ನು ಬಿಡಿಸಿ ನೋಡಿದರು. ಸಲಾಕೆ ತಾಗಿದುದು ಗೋಡೆಗಲ್ಲ, ಮೈಟ್ರಲ್ ಕವಾಟದ ಮುಂದಿನ ದಳಕ್ಕೆ! ಇಂದಿನವರಿಗೆ ಆ ಕ್ರಮವು ಒರಟೆಂದು ತೋರಬಹುದು. ಸಾಯುತ್ತಿರುವವನ ಎದೆಯ ಮೇಲೆ ಗುರುತು ಹಾಕುವಾಗ ಯಾರ ಒಪ್ಪಿಗೆಯನ್ನು ಕೇಳಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಆದರೂ ತನ್ನ ಅನುಮಾನವನ್ನು ತಾನೇ ನಂಬದೆ, ಹೊಗೆಯ ಬಳಿಗೆ ನಡೆದುಹೋಗಿ ಅದರಡಿಯಲ್ಲಿ ಬೆಂಕಿಯುಂಟೋ ಬರಿಯ ಮಂಜೋ ಎಂದು ಕೈಯಿಟ್ಟು ನೋಡಿದ ಆ ಬುದ್ಧಿಯನ್ನು ಮೆಚ್ಚದಿರಲಾಗದು. ೧೯೭೭ರಲ್ಲಿ ಇವರಿಬ್ಬರಿಗೂ ಅಮೆರಿಕೆಯ ಲಾಸ್ಕರ್ ಪ್ರಶಸ್ತಿ ಬಂದಿತು. ಬಿಂಬವೈದ್ಯನ ಧರ್ಮದ ಮೊದಲ ಪಾಠ ಆ ಪ್ರಶಸ್ತಿಗಿಂತ ಆ ಸಲಾಕೆಯಲ್ಲಿದೆ.

ಅನುಮಾನವೆಂದಮೇಲೆ ಹೇತ್ವಾಭಾಸವೂ ಬೆನ್ನಿಗೇ ಇರುತ್ತದೆ. ರಕ್ತವು ಹರಿಯುವ ವೇಗದಿಂದ ಕವಾಟದ ಎರಡು ಕಡೆಯ ಒತ್ತಡದ ಅಂತರವನ್ನು ತಿಳಿಯುವ ಕ್ರಮವೊಂದುಂಟು. ಇದನ್ನು ೧೯೭೦ರ ದಶಕದಲ್ಲಿ ನಾರ್ವೆ ದೇಶದ ಹೋಲೆನ್, ಲಿವ್ ಹಾಟ್ಲೆ ಮುಂತಾದವರು ಬಳಕೆಗೆ ತಂದರು. ಸೂತ್ರವು ಮಕ್ಕಳೂ ಮಾಡಬಹುದಾದಷ್ಟು ಸುಲಭ: ವೇಗವನ್ನು ವರ್ಗಮಾಡಿ ನಾಲ್ಕರಿಂದ ಗುಣಿಸಬೇಕು. ಮಹಾಧಮನಿಯ ಕವಾಟ ಕಿರಿದಾಗಿ ರಕ್ತವು ಅಲ್ಲಿ ಸೆಕೆಂಡಿಗೆ ೪ ಮೀಟರು ವೇಗದಿಂದ ಚಿಮ್ಮುತ್ತಿದ್ದರೆ ಒತ್ತಡದ ಅಂತರ ಪಾದರಸದ ೬೪ ಮಿಲಿಮೀಟರು. ೪ ಮೀಟರನ್ನು ಮುಟ್ಟಿತೆಂದರೆ ಸಂಕೋಚವು ತೀವ್ರವಾಯಿತೆಂದು ವೈದ್ಯರು ಹಿಡಿಯುತ್ತಾರೆ. ಆದರೆ ಶಬ್ದವು ರಕ್ತದ ಹರಿವಿಗೆ ನೇರವಾಗಿ ಎದುರಾಗಿದ್ದಲ್ಲಿ ಮಾತ್ರ ಈ ಲೆಕ್ಕ ಸರಿ. ಕೈಯ ಹಿಡಿತ ಹರಿವಿನಿಂದ ೩೦ ಅಂಶ ಓರೆಯಾದರೆ ೪ ಮೀಟರು ಮೂರೂವರೆಯಾಗಿ ಕಾಣುತ್ತದೆ. ೬೪ ಎಂಬುದು ೪೮ ಆಗುತ್ತದೆ. ೬೦ ಅಂಶ ಓರೆಯಾದರೆ ೧೬ಕ್ಕೆ ಇಳಿಯುತ್ತದೆ. ಯಂತ್ರವು ಸುಳ್ಳು ಹೇಳಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಮೊಳಕೈ ತುಸು ವಾಲಿತು, ಅಷ್ಟೆ. ಎಪ್ಪತ್ತು ವರ್ಷದ ಮುದುಕಿಯೊಬ್ಬಳು ಮೆಟ್ಟಲೇರುವಾಗ ಕಣ್ಣು ಕತ್ತಲಿಟ್ಟು ಕುಸಿಯುತ್ತಾಳೆಂದು ಭಾವಿಸೋಣ. ‘ಸಂಕೋಚ ಮಧ್ಯಮ’ ಎಂಬ ವರದಿಯನ್ನು ಹಿಡಿದು ಅವಳು ಮನೆಗೆ ಹೋಗುತ್ತಾಳೆ. ಹೀಗೆ ಲಕ್ಷಣಗಳನ್ನು ತೋರಿದ ತೀವ್ರ ಸಂಕೋಚದಲ್ಲಿ ಕವಾಟವನ್ನು ಬದಲಾಯಿಸದಿದ್ದರೆ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಎರಡು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಅವಳನ್ನು ಕೊಂದವರು ಯಾರು? ಮನೆಯವರು ವಿಧಿಯನ್ನು ದೂರುವರು. ಚಿಕಿತ್ಸಕನು ವರದಿಯನ್ನು ತೋರುವನು.

ಆದುದರಿಂದಲೇ ಬಲ್ಲ ಬಿಂಬವೈದ್ಯನು ಆ ಒಂದು ಕವಾಟವನ್ನು ಎದೆಯ ತುದಿಯಿಂದಲೂ, ಎದೆಮೂಳೆಯ ಬಲಮಗ್ಗುಲಿನಿಂದಲೂ, ಕೊರಳ ಕುಳಿಯಿಂದಲೂ ಮತ್ತೆ ಮತ್ತೆ ನೋಡಿ, ಎಲ್ಲಕ್ಕಿಂತ ಹೆಚ್ಚಿನ ವೇಗ ಎಲ್ಲಿ ದೊರೆಯಿತೋ ಅದನ್ನು ಹಿಡಿಯುತ್ತಾನೆ. ಇದಕ್ಕೆ ಹೊತ್ತು ಬೇಕು. ಹೊರಗೆ ಬೆಂಚಿನ ಮೇಲೆ ನಲವತ್ತು ಮಂದಿ ಕಾದಿದ್ದಾರೆ. ಅವರಲ್ಲಿ ನಸುಕಿನಲ್ಲಿಯೇ ಬಸ್ಸು ಹತ್ತಿ, ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರಿದ್ದಾರೆ. ಮುದುಕಿಗೆ ಕೊಟ್ಟ ಹತ್ತು ನಿಮಿಷ ಅವರಿಂದ ಕಸಿದುಕೊಂಡ ಹತ್ತು ನಿಮಿಷವಲ್ಲವೆ? ಎಲ್ಲರಿಗೂ ಸಮಭಾಗವಾಗಿ ಹೊತ್ತನ್ನು ಹಂಚುವುದೇ ನ್ಯಾಯವೆಂದು ಗುಮಾಸ್ತನು ಹೇಳಬಹುದು. ವೈದ್ಯನು ಹಾಗೆ ಹೇಳಲಾರನು. ಹಸಿದವನಿಗೂ ಉಂಡವನಿಗೂ ಒಂದೇ ಅಳತೆಯಲ್ಲಿ ಬಡಿಸುವುದು ಸಮತೆಯಲ್ಲ. ಯಾರಿಗೆ ಹೆಚ್ಚು ಹೊತ್ತು ಸಲ್ಲಬೇಕೆಂಬುದನ್ನು ತಿಳಿಯಬೇಕಾದರೆ ಅವನು ರೋಗಿಯನ್ನು ಕೇಳಬೇಕು: ‘ಅಮ್ಮಾ, ಏನಾಗುತ್ತದೆ? ಯಾವಾಗ ಆಗುತ್ತದೆ?’ ಈ ಎರಡು ಮಾತನ್ನು ಕೇಳದೆ ಸಾಧನವನ್ನು ಎದೆಗೆ ಒತ್ತುವವನು ಎಷ್ಟು ನುರಿತವನಾದರೂ ಕುರುಡಾಗಿಯೇ ನೋಡುತ್ತಾನೆ. ಕಳುಹಿಸಿದ ವೈದ್ಯನ ಪಾಲಿನ ದೋಷವೂ ಇಲ್ಲಿ ಉಂಟು. ಚೀಟಿಯ ಮೇಲೆ ‘ಎಕೋ’ ಎಂಬ ಎರಡಕ್ಷರವನ್ನು ಗೀಚಿ ಕಳುಹಿಸುವ ಪದ್ಧತಿ ಬಲವಾಗಿ ಬೇರುಬಿಟ್ಟಿದೆ. ಜಿಜ್ಞಾಸೆಯಿಲ್ಲದೆ ಪ್ರಮಾಣವು ಪ್ರವರ್ತಿಸುವುದಿಲ್ಲ. ಪ್ರಶ್ನೆಯಿಲ್ಲದ ಚೀಟಿಗೆ ಉತ್ತರವಿಲ್ಲದ ವರದಿಯೇ ಬರುವುದು.

ಎಲ್ಲರ ಬಾಯಲ್ಲಿರುವ ಸಂಖ್ಯೆಯೊಂದರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ‘ಪಂಪಿಂಗ್ ಎಷ್ಟಿದೆ?’ ಎಂದು ಮನೆಮನೆಗಳಲ್ಲಿ ಕೇಳುವರಷ್ಟೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಅದು ಒಂದು ಬಡಿತದಲ್ಲಿ ಹೊರದೂಡುತ್ತದೆಂಬುದೇ ಆ ಸಂಖ್ಯೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ೫೫ರಿಂದ ೭೦. ಹೃದಯವು ಸೋತವರಲ್ಲಿ ಔಷಧವನ್ನು ಕೊಟ್ಟ ಮೇಲೂ ಅದು ೩೫ ಅಥವಾ ಅದಕ್ಕೂ ಕಡಮೆಯಾಗಿ ಉಳಿದರೆ, ಹಠಾತ್ತಾದ ಮರಣವನ್ನು ತಡೆಯಲು ಎದೆಯ ಚರ್ಮದಡಿಯಲ್ಲಿ ವಿದ್ಯುದಾಘಾತವನ್ನು ಕೊಡುವ ಯಂತ್ರವನ್ನಿಡುವ ಯೋಚನೆ ಬರುತ್ತದೆ. ಅದರ ವೆಚ್ಚ ಲಕ್ಷಗಳ ಲೆಕ್ಕದ್ದು. ಇಡದಿದ್ದರೆ ಪ್ರಾಣದ ಲೆಕ್ಕದ್ದು. ಆದರೆ ಒಬ್ಬನೇ ರೋಗಿಯನ್ನು ಇಬ್ಬರು ನುರಿತವರು ಒಂದೇ ದಿನ ಅಳೆದರೂ ಆ ಸಂಖ್ಯೆಯಲ್ಲಿ ಐದಾರು, ಕೆಲವು ವೇಳೆ ಹತ್ತರವರೆಗೂ ಅಂತರ ಬೀಳುವುದು ಈ ವಿದ್ಯೆಯವರೆಲ್ಲರೂ ಬಲ್ಲ ಸಂಗತಿ. ಹೀಗಿರುವಲ್ಲಿ ‘೩೪’ ಎಂದು ಒಂಟಿಯಾಗಿ ಬರೆಯುವ ಕೈ ತನ್ನಲ್ಲಿಲ್ಲದ ನಿಶ್ಚಯವನ್ನು ದಾನಮಾಡಿದಂತಾಯಿತು. ಬಿಂಬವು ಮಸುಕಾಗಿದ್ದರೆ ಮಸುಕೆಂದು ಬರೆಯಬೇಕು. ೩೦ಕ್ಕೂ ೪೦ಕ್ಕೂ ನಡುವೆ ಎನ್ನುವುದಕ್ಕಿಂತ ಹೆಚ್ಚಿಗೆ ಹೇಳಲಾಗದಿದ್ದರೆ ಅಷ್ಟನ್ನೇ ಹೇಳಬೇಕು. ಇದರಿಂದ ಬರೆದವನ ಪ್ರತಿಷ್ಠೆ ಒಂದು ಕೂದಲೆಳೆಯಷ್ಟು ಕುಗ್ಗಬಹುದು. ಕುಗ್ಗಲಿ.

ಈಗ ಪೂರ್ವಪಕ್ಷದವರ ‘ಸಾಕ್ಷಿ’ಯ ಮಾತಿಗೆ ಬರಬಹುದು. ಸಾಕ್ಷಿಯೆಂಬ ಶಬ್ದವು ವೇದಾಂತದಲ್ಲಿ ಒಂದು ಬಗೆಯಾಗಿ, ವ್ಯವಹಾರದಲ್ಲಿ ಇನ್ನೊಂದು ಬಗೆಯಾಗಿ ನಡೆಯುತ್ತದೆ. ವೇದಾಂತದ ಸಾಕ್ಷಿಗೆ ಕರ್ತೃತ್ವವೂ ಇಲ್ಲ, ಭೋಕ್ತೃತ್ವವೂ ಇಲ್ಲ. ಅವನು ಕೇವಲ ಬೆಳಗುವವನು. ವ್ಯವಹಾರದ ಸಾಕ್ಷಿ ಹಾಗಲ್ಲ. ಕರೆದಾಗ ಬರಬೇಕು, ಕಂಡುದನ್ನು ಸ್ಪಷ್ಟವಾಗಿ ಹೇಳಬೇಕು, ಹೇಳಿದುದಕ್ಕೆ ನಿಲ್ಲಬೇಕು. ಸಭೆಯಲ್ಲಿ ಕಂಡುದನ್ನು ಹೇಳದಿರುವುದೂ ಸುಳ್ಳು ಹೇಳುವುದೂ ಸಮಾನದೋಷವೆಂಬುದು ಧರ್ಮಶಾಸ್ತ್ರಕಾರರ ನಿರ್ಣಯ. ಬಿಂಬವೈದ್ಯನ ಸಾಕ್ಷಿತ್ವ ಈ ಎರಡನೆಯ ಬಗೆಯದು. ಹೃದಯದ ಸುತ್ತಣ ಚೀಲದಲ್ಲಿ ನೀರು ತುಂಬಿ ಹೃದಯವನ್ನು ಅದುಮುತ್ತಿರುವುದು ಅವನ ಪರದೆಯ ಮೇಲೆ ಕಂಡಿತೆನ್ನೋಣ. ಮಹಾಧಮನಿಯ ಗೋಡೆ ಒಳಗೊಳಗೆ ಸೀಳಿರುವುದು ಕಂಡಿತೆನ್ನೋಣ. ಆ ಕ್ಷಣದಲ್ಲಿ ಈ ಸಂಗತಿಯನ್ನು ಬಲ್ಲವನು ಪ್ರಪಂಚದಲ್ಲಿ ಅವನೊಬ್ಬನೇ, ರೋಗಿಯೂ ಅರಿಯನು. ಅದನ್ನು ಅಂದವಾಗಿ ಬರೆದು, ಮಿಕ್ಕ ವರದಿಗಳ ಜೊತೆಗೆ ಕಟ್ಟಿಟ್ಟು, ಸಂಜೆ ಬಂದು ಒಯ್ಯಲು ಹೇಳುವವನು ಬರೆದ ಮಾತೆಲ್ಲವೂ ಸತ್ಯವಾಗಿರಬಹುದು, ರೋಗಿಯು ಸಂಜೆಯವರೆಗೆ ಬದುಕದಿರಬಹುದು. ಆಗ ಅವನು ಕುರ್ಚಿಯಿಂದೇಳಬೇಕು; ಚಿಕಿತ್ಸಕನು ಎಲ್ಲಿದ್ದರೂ ಹುಡುಕಿ, ಫೋನಿನಲ್ಲಿಯಾದರೂ ಬಾಯಾರೆ ಹೇಳಬೇಕು; ಹೇಳಿದುದು ಅವನಿಗೆ ತಿಳಿಯಿತೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಷ್ಟನ್ನು ಮಾಡುವವನನ್ನು ಸಾಧನವೆನ್ನಲು ಬರುವುದಿಲ್ಲ. ಚರಕನ ನಾಲ್ಕು ಪಾದಗಳಲ್ಲಿ ಅವನ ಸ್ಥಾನ ವೈದ್ಯನದೇ. ಪೂರ್ವಪಕ್ಷದವರು ಬಯಸುವ ನಿಷ್ಪಕ್ಷಪಾತ ಅವನಲ್ಲಿರಲೇಬೇಕು, ಆದರೆ ಅದು ನೋಡುವ ಗಳಿಗೆಯ ಗುಣ. ನೋಡಿದ ಮೇಲಿನ ಮೌನಕ್ಕೆ ಅದು ಮರೆಯಾಗಬಾರದು.

ಇದಕ್ಕಿಂತ ತೊಡಕಾದುದು, ಹಾಸಿಗೆಯ ಮೇಲಿನಿಂದ ರೋಗಿ ಕೇಳುವ ಪ್ರಶ್ನೆ. ‘ಏನಾದರೂ ಕಾಣಿಸಿತೇ, ಸ್ವಾಮಿ?’ ಎಂದು ಹೊಲದಿಂದ ಬಂದ ಹಿರಿಯನು ಕೇಳುತ್ತಾನೆ. ‘ನಿಮ್ಮ ಡಾಕ್ಟರು ಹೇಳುತ್ತಾರೆ’ ಎಂಬುದು ವಾಡಿಕೆಯ ಉತ್ತರ. ಹಾವೂ ಸಾಯದ ಕೋಲೂ ಮುರಿಯದ ಈ ಉತ್ತರ ತಪ್ಪೆನ್ನಲಾಗದು. ಬಿಂಬವೊಂದರಿಂದಲೇ ರೋಗದ ಪೂರ್ಣಸ್ವರೂಪ ತಿಳಿಯದು, ಚಿಕಿತ್ಸೆಯ ನಿರ್ಣಯ ಇವನದಲ್ಲ. ಆದರೆ ಹಳ್ಳಿಯ ಹಿರಿಯನು ಪರದೆಯನ್ನು ಓದಲಾರನಾದರೂ ಮುಖವನ್ನು ಓದಬಲ್ಲನು. ಉತ್ತರ ಕೊಡುವವನ ಹುಬ್ಬು ಗಂಟಿಕ್ಕಿದ್ದರೆ ಅವನ ಪಾಲಿಗೆ ಅದೇ ವರದಿ. ಆ ವರದಿಯನ್ನು ಹೊತ್ತು ಅವನು ಮೂರು ದಿನ ನಿದ್ರೆಗೆಡುತ್ತಾನೆ. ‘ಒಂದು ಕವಾಟ ಸ್ವಲ್ಪ ಕಿರಿದಾಗಿದೆ, ಅದಕ್ಕೆ ಏನು ಮಾಡಬೇಕೆಂಬುದನ್ನು ನಿಮ್ಮ ಡಾಕ್ಟರೊಡನೆ ನಾನೇ ಮಾತನಾಡುತ್ತೇನೆ’ ಎಂದರೆ ಯಾರ ಅಧಿಕಾರವೂ ಕಸಿದುಹೋಗುವುದಿಲ್ಲ.

ಬರೆದ ವರದಿಯ ಗತಿಯೂ ವಿಚಾರಯೋಗ್ಯವಾದುದೇ. ವರದಿಯು ವೈದ್ಯನಿಂದ ವೈದ್ಯನಿಗೆ ಹೋಗತಕ್ಕ ಕಾಗದ. ಆದರೆ ಈ ದೇಶದಲ್ಲಿ ಅದನ್ನು ಒಯ್ಯುವವನು ರೋಗಿ. ದಾರಿಯಲ್ಲಿ ಅಳಿಯನು ಓದುತ್ತಾನೆ, ನೆರೆಮನೆಯವನು ಓದುತ್ತಾನೆ. ಮಗನು ಅಮೆರಿಕೆಯಲ್ಲಿದ್ದರೆ ಅದರ ಚಿತ್ರ ಅರೆಗಳಿಗೆಯಲ್ಲಿ ಅಲ್ಲಿಗೂ ಹೋಗುತ್ತದೆ. ಅರುವತ್ತು ದಾಟಿದವರ ವರದಿಗಳಲ್ಲಿ ‘ಗ್ರೇಡ್ ಒಂದು ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಪಂಕ್ತಿ ಬಹುಸಾಮಾನ್ಯ. ವಯಸ್ಸಾದಂತೆ ಹೃದಯದ ಮಾಂಸವು ಮೊದಲಿನಷ್ಟು ಸಲೀಸಾಗಿ ಸಡಿಲವಾಗುವುದಿಲ್ಲವೆಂಬುದೇ ಬಹುಮಟ್ಟಿಗೆ ಅದರ ಅರ್ಥ. ಟ್ರೈಕಸ್ಪಿಡ್ ಕವಾಟದ ಅತ್ಯಲ್ಪವಾದ ಸೋರಿಕೆಯಂತೂ ಆರೋಗ್ಯವಂತರಲ್ಲಿಯೇ ಬಹುಮಂದಿಗೆ ಇರುವುದು. ಮನೆಯಲ್ಲಿ ಮಾತ್ರ ‘ಹಾರ್ಟಿನಲ್ಲಿ ಡಿಸ್‌ಫಂಕ್ಷನ್ ಇದೆಯಂತೆ, ವಾಲ್ವು ಸೋರುತ್ತದೆಯಂತೆ’ ಎಂದು ಗುಸುಗುಸು ಆರಂಭವಾಗುತ್ತದೆ. ಮರುದಿನದಿಂದ ಯಜಮಾನನು ಸಂಜೆಯ ನಡಿಗೆಯನ್ನು ಬಿಡುತ್ತಾನೆ. ಅವನಿಗೆ ಹಿತವಾಗಿದ್ದುದು ಅದೊಂದೇ. ‘ವಯಸ್ಸಿಗೆ ಸಹಜ’ ಎಂಬ ಎರಡು ಮಾತನ್ನು ಕನ್ನಡದಲ್ಲಿ ಕೊನೆಗೆ ಸೇರಿಸಿದ್ದರೆ ಈ ಅನಾಹುತವಿರುತ್ತಿರಲಿಲ್ಲ. ಬರೆಯುವವನು ಓದುವವನನ್ನು ಕಣ್ಣೆದುರಿಗಿಟ್ಟುಕೊಂಡು ಬರೆಯಬೇಕೆಂಬುದು ಕಾವ್ಯಕ್ಕೆ ಮಾತ್ರ ಸಲ್ಲುವ ನಿಯಮವಲ್ಲ.

ಕಂಡುದು ಕಂಡವನನ್ನೇ ಕೆಲಸಕ್ಕೆ ಎಳೆಯುವ ಇನ್ನೊಂದು ಅಪಾಯವುಂಟು. ಹೃದಯಕ್ಕೆ ರಕ್ತವನ್ನುಣಿಸುವ ಕರೊನರಿ ಧಮನಿಗಳನ್ನು ಒಂದೊಂದಾಗಿ ಬಣ್ಣದ್ರವದಿಂದ ತುಂಬಿ ತೋರಿಸುವ ಕ್ರಮ ದೊರೆತುದು ಆಕಸ್ಮಿಕವಾಗಿ. ೧೯೫೮ರಲ್ಲಿ ಅಮೆರಿಕೆಯ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಮಹಾಧಮನಿಗೆಂದು ಬಿಟ್ಟ ದ್ರವವು, ನಳಿಕೆ ಜಾರಿದುದರಿಂದ, ಬಲಗಡೆಯ ಕರೊನರಿ ಧಮನಿಯೊಳಕ್ಕೆ ನುಗ್ಗಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತೇಹೋಯಿತು. ಕೆಮ್ಮಿಸಿದ ಮೇಲೆ ಮತ್ತೆ ಬಡಿಯತೊಡಗಿತು. ಇಂದು ‘ಆಂಜಿಯೋಗ್ರಾಂ’ ಎಂಬ ಮಾತು ಹಳ್ಳಿಯ ಸಂತೆಯಲ್ಲಿಯೂ ಕೇಳುತ್ತದೆ. ಧಮನಿಯಲ್ಲಿ ಎಲ್ಲಿ ಕಿರಿದಾದುದು ಕಂಡಿತೋ ಅಲ್ಲಿ ಕೈ ತಾನಾಗಿಯೇ ಸ್ಟೆಂಟಿಗೆ ಚಾಚುತ್ತದೆ. ಕಣ್ಣು ಕಂಡುದನ್ನು ಕೈ ಬಿಡಲಾರದ ಈ ಚಪಲವನ್ನು ಅಮೆರಿಕೆಯ ಟೊಪೊಲ್ ಮತ್ತು ನಿಸ್ಸೆನ್ ಎಂಬ ವೈದ್ಯರೇ ೧೯೯೫ರಲ್ಲಿ ಹೆಸರಿಟ್ಟು ಟೀಕಿಸಿದರು. ಹೃದಯಾಘಾತದ ಗಳಿಗೆಯಲ್ಲಿ ಮುಚ್ಚಿದ ಧಮನಿಯನ್ನು ತೆರೆಯುವುದು ಪ್ರಾಣದಾನವೇ ಸರಿ, ಅದರಲ್ಲಿ ವಿವಾದವಿಲ್ಲ. ಆದರೆ ಬಹುಕಾಲದಿಂದ ಒಂದೇ ಬಗೆಯಾಗಿರುವ ಎದೆನೋವಿನವರ ವಿಷಯ ಬೇರೆ. ೨೦೦೭ರಲ್ಲಿ ೨೨೮೭ ಮಂದಿಯಲ್ಲಿಯೂ, ೨೦೨೦ರಲ್ಲಿ ೫೧೭೯ ಮಂದಿಯಲ್ಲಿಯೂ ನಡೆದ ಪರೀಕ್ಷೆಗಳ ಫಲ ಪ್ರಕಟವಾಯಿತು. ಇಂಥವರಲ್ಲಿ ಒಳ್ಳೆಯ ಔಷಧೋಪಚಾರಕ್ಕಿಂತ ಧಮನಿಯನ್ನು ಹಿಗ್ಗಿಸುವ ಉಪಾಯವು ಮರಣವನ್ನಾಗಲಿ ಹೃದಯಾಘಾತವನ್ನಾಗಲಿ ಒಟ್ಟಿನಲ್ಲಿ ಕಡಮೆ ಮಾಡಿದುದು ಕಂಡುಬರಲಿಲ್ಲ. ನೋವಿನ ಉಪಶಮನವೇನೋ ಹೆಚ್ಚಾಗಿತ್ತು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ನ್ಯಾಯದಂತೆ, ಎದೆನೋವೂ ಉಂಟು, ಧಮನಿಯ ಸಂಕೋಚವೂ ಉಂಟು, ಆದರೆ ಎರಡಕ್ಕೂ ಸಂಬಂಧವಿಲ್ಲದಿರಬಹುದು. ರೋಗಿ ಇನ್ನೂ ಮೇಜಿನ ಮೇಲಿರುವಾಗ ಬಾಗಿಲ ಹೊರಗೆ ಹೆಂಡತಿಯನ್ನು ಕರೆದು, ‘ಎಪ್ಪತ್ತು ಪಾಲು ಬ್ಲಾಕಿದೆ, ಸಹಿ ಮಾಡಿ’ ಎನ್ನುವ ಸನ್ನಿವೇಶವನ್ನು ನೆನೆಯಬೇಕು. ಆಕೆಗೆ ಆ ಸಂಖ್ಯೆ ಸಾವಿನ ಸಂಖ್ಯೆಯಾಗಿ ಕೇಳುತ್ತದೆ. ಇದು ಕಣ್ಣಳತೆಯ ಸಂಖ್ಯೆ, ಅವಸರವಿಲ್ಲ, ನಾಳೆ ಕುಳಿತು ಯೋಚಿಸಬಹುದು ಎಂದು ಹೇಳಬಲ್ಲವನು ಬಿಂಬವನ್ನು ಓದಿದವನೇ. ಅವನು ಸುಮ್ಮನಿದ್ದರೆ ಆ ಮೌನವೂ ಒಂದು ಸಹಿಯೇ.

ಹಾಗೆಂದು ಕಂಡುದೆಲ್ಲವನ್ನೂ ಹೇಳಿಬಿಡಬೇಕೆಂಬ ನಿಯಮವೂ ಇಲ್ಲ. ಹದಿನೆಂಟರಿಂದ ಇಪ್ಪತ್ತನಾಲ್ಕು ವಾರಗಳ ಗರ್ಭಸ್ಥಶಿಶುವಿನ ಹೃದಯವನ್ನು ಇದೇ ಶಬ್ದದಿಂದ ನೋಡಿ, ಹುಟ್ಟುವ ಮುಂಚೆಯೇ ಅದರ ದೋಷಗಳನ್ನು ತಿಳಿಯುವರು. ಹೆತ್ತವರು ಹೆರಿಗೆಗೆ ತಕ್ಕ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಇದರಿಂದ ಅನುಕೂಲ. ಆ ಪರದೆಯ ಮೇಲೆ ಶಿಶುವು ಗಂಡೋ ಹೆಣ್ಣೋ ಎಂಬುದೂ ಕಾಣಬಹುದು. ಅದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾವ ರೀತಿಯಲ್ಲಿಯೂ ತಿಳಿಸಕೂಡದೆಂದು ೧೯೯೪ರಲ್ಲಿ ಭಾರತದ ಸಂಸತ್ತು ಕಾಯಿದೆ ಮಾಡಿತು. ಕಂಡ ಸತ್ಯವನ್ನು ಮುಚ್ಚಿಡುವುದೇ ಇಲ್ಲಿ ಧರ್ಮ. ಸತ್ಯವು ಪ್ರಾಣಿಹಿತಕ್ಕಾಗಿ ಎಂಬ ಹಿರಿಯರ ವಿಚಾರ ಹಳೆಯ ಕಥೆಗಳಲ್ಲಿ ಮಾತ್ರ ಉಳಿದಿದೆಯೆಂದು ತಿಳಿದವರು ಸ್ಕ್ಯಾನಿಂಗ್ ಕೇಂದ್ರದ ಗೋಡೆಗೆ ತೂಗಹಾಕಿದ ಫಲಕವನ್ನು ಓದಬೇಕು. ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ, ಶಿಶುವಿನ ಹೃದಯದಲ್ಲಿ ರಂಧ್ರವಿದೆಯೆಂದು ತಾಯಿಗೆ ಹೇಳಲೇಬೇಕಾದವನು, ಅದು ಹೆಣ್ಣೆಂಬುದನ್ನು ಹೇಳಲೇಬಾರದವನು ಒಬ್ಬನೇ. ಯಂತ್ರಕ್ಕೆ ಇವೆರಡರ ಭೇದ ತಿಳಿಯದು. ಎರಡನ್ನೂ ಅದು ಒಂದೇ ಬಗೆಯಾಗಿ ತೋರಿಸುತ್ತದೆ.

ಪರದೆಯು ತೋರಿಸದೆಯೇ ಬಿಡುವ ಸಂಗತಿಯೂ ಒಂದುಂಟು. ೧೯೯೦ರಲ್ಲಿ ಜಪಾನಿನ ಹಿಕಾರು ಸಾಟೊ ಮತ್ತು ಅವರ ಸಹೋದ್ಯೋಗಿಗಳು ಒಂದು ವಿಚಿತ್ರವಾದ ಹೃದ್ರೋಗಕ್ಕೆ ಹೆಸರಿಟ್ಟರು. ಸಾಮಾನ್ಯವಾಗಿ ನಡುವಯಸ್ಸು ದಾಟಿದ ಹೆಂಗಸು, ಹೃದಯಾಘಾತದಂಥ ಎದೆನೋವು, ಇ.ಸಿ.ಜಿ.ಯಲ್ಲಿಯೂ ಆಘಾತದಂಥ ಗುರುತುಗಳು. ಆದರೆ ಆಂಜಿಯೋಗ್ರಾಂ ಮಾಡಿದರೆ ನೋವಿಗೆ ಕಾರಣವಾಗುವಂಥ ಅಡ್ಡಿ ಧಮನಿಗಳಲ್ಲಿಲ್ಲ. ಬಿಂಬದಲ್ಲಿ ಎಡ ಹೃತ್ಕುಕ್ಷಿಯ ತುದಿ ಉಬ್ಬಿ ಸ್ತಬ್ಧವಾಗಿದೆ, ಬುಡ ಮಾತ್ರ ಬಿಗಿಯಾಗಿ ಕುಗ್ಗುತ್ತಿದೆ: ಕೊರಳು ಕಿರಿದಾಗಿ ಹೊಟ್ಟೆ ದುಂಡಾದ ಗಡಿಗೆಯಂತೆ. ಜಪಾನಿನ ಬೆಸ್ತರು ಅಷ್ಟಪದಿಯನ್ನು ಹಿಡಿಯಲು ಕಡಲಿಗಿಳಿಸುವ ಮಡಕೆ ಇದೇ ಆಕಾರದ್ದು. ಅದರ ಹೆಸರು ತಾಕೊತ್ಸುಬೊ, ರೋಗಕ್ಕೂ ಅದೇ ಹೆಸರು. ಈ ಆಕಾರವನ್ನು ಗುರುತಿಸುವುದು ಬಿಂಬವೈದ್ಯನ ಕಣ್ಣಿನ ಕೆಲಸ. ಆದರೆ ಗುರುತಿಸಿದವನು ಪರದೆಯಿಂದ ಮುಖವನ್ನು ತಿರುಗಿಸಿ, ‘ತಾಯೀ, ಈಚೆಗೆ ಮನೆಯಲ್ಲಿ ಏನಾದರೂ ಆಯಿತೆ?’ ಎಂದು ಕೇಳಬೇಕಾಗುತ್ತದೆ. ಗಂಡನು ತೀರಿಕೊಂಡು ಎರಡು ದಿನವಾಗಿರಬಹುದು. ಮಗನ ಅಪಘಾತದ ಸುದ್ದಿ ಬಂದಿರಬಹುದು. ಎಲ್ಲರಲ್ಲಿಯೂ ದುಃಖವೇ ಕಾರಣವೆಂದಲ್ಲ, ಬಹುಮಂದಿಯಲ್ಲಿ ಉಂಟು. ಆ ಉತ್ತರವು ಯಾವ ಶಬ್ದತರಂಗದಲ್ಲಿಯೂ ಹಿಂತಿರುಗಿ ಬಾರದು. ಅವಳೇ ಹೇಳಬೇಕು, ಅವಳು ಹೇಳುವಂತೆ ಕೇಳುವವರು ಇರಬೇಕು. ಮೊದಲ ದಿನಗಳನ್ನು ದಾಟಿದರೆ ಇಂಥ ಹೃದಯವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅದೇ ಕೋಣೆಯಲ್ಲಿ, ಅದೇ ಎಡಮಗ್ಗುಲಾಗಿ ಅವಳನ್ನು ಮಲಗಿಸಿ ಮತ್ತೆ ನೋಡಿದಾಗ ಗಡಿಗೆಯ ಆಕಾರ ಮಾಯವಾಗಿ, ತುದಿಯೂ ಬುಡವೂ ಒಂದಾಗಿ ಕುಗ್ಗುತ್ತಿರುತ್ತವೆ. ಅದನ್ನು ಬರೆದುಕೊಟ್ಟು ಮುಂದಿನವರನ್ನು ಕರೆಯುವವರುಂಟು. ಪರದೆಯನ್ನು ಅವಳ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸುವವರೂ ಉಂಟು.